ನೌಕಾ ಫಿರಂಗಿಬಂಡಿಯ ಮಾದರಿ ತಯಾರಿಕೆ

ನೌಕಾ ಫಿರಂಗಿಬಂಡಿ ಎಂಬುದು ಹಾಯಿಹಡಗುಗಳ ಕಾಲದ ಯುದ್ಧನೌಕೆಗಳಲ್ಲಿ ಫಿರಂಗಿಯನ್ನು ಹೊರುತ್ತಿದ್ದ, ನಾಲ್ಕು ಸಣ್ಣ ಗಾಲಿಗಳುಳ್ಳ ಮರದ ಬಂಡಿ. ಯುರೋಪಿನ ನೌಕಾಪಡೆಗಳಲ್ಲಿ ಇದು 16ನೆಯ ಶತಮಾನದಿಂದ 19ನೆಯ ಶತಮಾನದ ಮಧ್ಯಭಾಗದವರೆಗೆ, ವಿವರಗಳಲ್ಲಿ ಬದಲಾದರೂ ಮೂಲ ರೂಪದಲ್ಲಿ ಹೆಚ್ಚು ಬದಲಾಗದೆ, ಬಳಕೆಯಲ್ಲಿತ್ತು. ಇದರ ಕಿರು ಪ್ರತಿಯನ್ನು ನಿಶ್ಚಿತ ಪ್ರಮಾಣದಲ್ಲಿ ಮರದಿಂದ ಕಟ್ಟುವುದು ನೌಕಾ ಮಾದರಿ ಕಲೆಯ ಒಂದು ಶಾಖೆಯಾಗಿದೆ. ಈ ಲೇಖನದಲ್ಲಿ 18ನೆಯ ಶತಮಾನದ ಕೊನೆಯ ಭಾಗದ ಬ್ರಿಟಿಷ್ ನೌಕಾಪಡೆಯ 32 ಪೌಂಡಿನ ಫಿರಂಗಿಯ ಬಂಡಿಯನ್ನು ಉದಾಹರಣೆಯಾಗಿ ತೆಗೆದುಕೊಂಡು, ಅದನ್ನು 1:12 ಪ್ರಮಾಣದಲ್ಲಿ, ಅಂದರೆ ಒಂದು ಅಡಿಗೆ ಒಂದು ಅಂಗುಲದಂತೆ, ಕಟ್ಟುವ ಕ್ರಮವನ್ನು ವಿವರಿಸಲಾಗಿದೆ.

ಹಿನ್ನೆಲೆ

ಕನ್ನಡದ ‘ಫಿರಂಗಿ’ ಎಂಬ ಪದವೇ ಈ ಆಯುಧದ ಸಮುದ್ರಯಾನವನ್ನು ನೆನಪಿಸುತ್ತದೆ. ಯುರೋಪಿನವರನ್ನು ಸೂಚಿಸುತ್ತಿದ್ದ ಪಾರಸಿ ಪದವೊಂದು, ಅವರು ಹಡಗುಗಳಲ್ಲಿ ಹೊತ್ತು ತಂದ ತೋಪಿಗೂ ಹೆಸರಾಗಿ ನಮ್ಮಲ್ಲಿ ನಿಂತಿದೆ.

ಹಡಗಿನ ಫಿರಂಗಿಗೆ ನೆಲದ ಮೇಲಿನ ಫಿರಂಗಿಗಿಲ್ಲದ ಎರಡು ಕಷ್ಟಗಳಿದ್ದವು. ಮೊದಲನೆಯದು ಸ್ಥಳದ ಅಭಾವ. ಎರಡನೆಯದು ಕಾಲಕೆಳಗಿನ ನೆಲವೇ ಹೊಯ್ದಾಡುತ್ತಿದ್ದುದು. ಮೈದಾನದ ಫಿರಂಗಿಯ ದೊಡ್ಡ ಅರಗಾಲಿಗಳೂ ಹಿಂದಕ್ಕೆ ಚಾಚಿದ ಉದ್ದನೆಯ ಬಾಲವೂ ಡೆಕ್ಕಿನ ಮೇಲೆ ಹೊಂದುವಂತಿರಲಿಲ್ಲ. ಆದ್ದರಿಂದ ಎರಡು ದಪ್ಪ ಹಲಗೆಗಳ ನಡುವೆ ನಳಿಗೆಯನ್ನು ಕೂರಿಸಿ, ಕೆಳಗೆ ಅರಗಳಿಲ್ಲದ ಗಟ್ಟಿ ಮರದ ಸಣ್ಣ ಗಾಲಿಗಳನ್ನಿಟ್ಟ ಗಿಡ್ಡ ಬಂಡಿ ರೂಢಿಗೆ ಬಂತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿಯೇ ಇಂತಹ ನಾಲ್ಕು ಗಾಲಿಯ ಬಂಡಿಗಳು ದೊರೆತಿವೆ. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗಿನ ಫಿರಂಗಿಗಳಲ್ಲಿ ಹೆಚ್ಚಿನವನ್ನು ಅದೇ ಶತಮಾನದ ಮುಳುಗುಗಾರರು ಮೇಲಕ್ಕೆ ತಂದರು; ಬೆಲೆಯಿಲ್ಲವೆಂದು ಅವರು ಬಿಟ್ಟುಹೋದ ಮರದ ಬಂಡಿಗಳು 1961ರಲ್ಲಿ ಹಡಗಿನೊಂದಿಗೆ ಮೇಲೆ ಬಂದವು. ಇಂದು ಅಭ್ಯಾಸಿಗಳಿಗೆ ಅವು ಅಮೂಲ್ಯವಾಗಿವೆ.

ಉದಾಹರಣೆಯ 32 ಪೌಂಡಿನ ಫಿರಂಗಿ ಎಂದರೆ 32 ಪೌಂಡು, ಅಂದರೆ ಸುಮಾರು 14.5 ಕಿಲೋಗ್ರಾಂ ತೂಕದ ಕಬ್ಬಿಣದ ಗುಂಡನ್ನು ಹಾರಿಸುವಂಥದು. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನ ಧ್ವಜನೌಕೆಯಾಗಿದ್ದ ವಿಕ್ಟರಿ ಹಡಗಿನ ಕೆಳ ಡೆಕ್ಕಿನಲ್ಲಿದ್ದುದು ಈ ಬಗೆಯ ಫಿರಂಗಿಗಳೇ. ನಳಿಗೆಯ ಉದ್ದ ಒಂಬತ್ತೂವರೆ ಅಡಿ. ತೂಕ ಸುಮಾರು 2.8 ಟನ್. ಇಷ್ಟು ಭಾರದ ಲೋಹವು ಪ್ರತಿ ಸಲ ಸಿಡಿದಾಗಲೂ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯುತ್ತಿದ್ದುದು ದಪ್ಪನೆಯ ಒಂದು ಹಗ್ಗ ಮತ್ತು ಗಾಲಿಗಳ ಒರಟು ಘರ್ಷಣೆ ಮಾತ್ರ. ಹಗ್ಗ ಹರಿದು ಫಿರಂಗಿ ಸಡಿಲಗೊಂಡರೆ ಶತ್ರುವಿಗಿಂತ ಹೆಚ್ಚಿನ ಹಾನಿಯನ್ನು ಅದೇ ಮಾಡಬಲ್ಲದಾಗಿತ್ತು. ವಿಕ್ಟರ್ ಹ್ಯೂಗೋ 1874ರ ತನ್ನ ‘ತೊಂಬತ್ತಮೂರು’ ಕಾದಂಬರಿಯಲ್ಲಿ ಹಡಗಿನೊಳಗೆ ಕಟ್ಟು ಹರಿದು ಉರುಳಾಡುವ ತೋಪನ್ನು ಹುಚ್ಚೆದ್ದ ಪ್ರಾಣಿಯಂತೆ ಚಿತ್ರಿಸಿದ್ದಾನೆ. ಬಂಡಿಯ ಪ್ರತಿಯೊಂದು ಭಾಗದ ಆಕಾರಕ್ಕೂ ಈ ಹಿನ್ನುಗ್ಗುವಿಕೆಯೊಂದಿಗೆ ಯಾವುದೋ ಸಂಬಂಧವಿದೆ. ಮಾದರಿಕಾರನು ಇದನ್ನು ತಿಳಿದು ಕೆಲಸ ಮಾಡಿದರೆ ಮಾದರಿಯು ಯಂತ್ರದ ಪ್ರತಿಯಾಗುತ್ತದೆ. ತಿಳಿಯದಿದ್ದರೆ ಅಲಂಕಾರದ ಬೊಂಬೆಯಾಗುತ್ತದೆ.

ಬಂಡಿಯ ಭಾಗಗಳು

ಬಂಡಿಯ ಮುಖ್ಯ ಅಂಗಗಳು ಎರಡು ಪಕ್ಕಹಲಗೆಗಳು. ದೊಡ್ಡ ಫಿರಂಗಿಗಳಿಗೆ ಒಂದೇ ತುಂಡಿನ ಅಗಲವಾದ ಹಲಗೆ ಸಿಗದಿದ್ದುದರಿಂದ ಇವನ್ನು ಒಂದರ ಮೇಲೊಂದು ತುಂಡನ್ನು ಹಲ್ಲು ಕಚ್ಚಿಸಿ, ಮೇಲಿನಿಂದ ಕೆಳಗೆ ಕಬ್ಬಿಣದ ಬೋಲ್ಟು ತೂರಿಸಿ ಬಿಗಿಯುತ್ತಿದ್ದರು. ಹಲಗೆಯ ಹಿಂಭಾಗದ ಮೇಲಂಚು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಈ ಮೆಟ್ಟಿಲುಗಳು ಸೊಗಸಿಗಾಗಿ ಇದ್ದವಲ್ಲ. ನಾವಿಕರು ಉದ್ದನೆಯ ಮೀಟುಗೋಲುಗಳನ್ನು ಮೆಟ್ಟಿಲಿನ ಮೇಲೆ ಆನಿಸಿ ನಳಿಗೆಯ ಹಿಂಭಾಗವನ್ನು ಮೀಟಿ ಎತ್ತುತ್ತಿದ್ದರು. ನಳಿಗೆ ಏರಿದಂತೆ ಮುಂದಿನ ಮೆಟ್ಟಿಲಿಗೆ ಕೋಲನ್ನು ಬದಲಿಸುತ್ತಿದ್ದರು. ಹಲಗೆಯ ಕೆಳ ಅಂಚಿನ ನಡುವೆ ಕಮಾನಿನಂತೆ ಒಂದು ಕೊರೆತವಿರುತ್ತದೆ.

ಎರಡು ಹಲಗೆಗಳನ್ನು ಮುಂಭಾಗದಲ್ಲಿ ಒಂದು ಅಡ್ಡದಿಮ್ಮಿ ಜೋಡಿಸುತ್ತದೆ. ಕೆಳಗೆ ಮುಂದೊಂದು, ಹಿಂದೊಂದು ಅಚ್ಚುಮರಗಳಿವೆ. ಇವುಗಳ ನಡುಭಾಗ ಚೌಕ, ತುದಿಗಳು ದುಂಡು. ದುಂಡು ತುದಿಗೆ ಗಾಲಿಯನ್ನು ತೊಡಿಸಿ, ಅದು ಕಳಚದಂತೆ ಕಡಾಣಿ ಹಾಕುತ್ತಾರೆ. ನಮ್ಮ ಎತ್ತಿನಗಾಡಿಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ನಳಿಗೆಯ ಎರಡು ಬದಿಗೂ ಗೂಟದಂತೆ ಚಾಚಿರುವ ಭಾಗಗಳಿಗೆ ಟ್ರನಿಯನ್ ಎಂದು ಹೆಸರು. ಇವು ಪಕ್ಕಹಲಗೆಗಳ ಮೇಲಂಚಿನ ಅರೆವೃತ್ತಾಕಾರದ ಗುಳಿಗಳಲ್ಲಿ ಕೂರುತ್ತವೆ. ಮೇಲಿನಿಂದ ಬಾಗಿದ ಕಬ್ಬಿಣದ ಪಟ್ಟಿ ಅವನ್ನು ಹಿಡಿದಿಡುತ್ತದೆ. ಟ್ರನಿಯನ್‌ಗಳನ್ನು ನಳಿಗೆಯ ಸರಿಮಧ್ಯದಲ್ಲಿಡದೆ, ಹಿಂಭಾಗದ ಉಂಗುರದಿಂದ ಉದ್ದದ ಸುಮಾರು ಏಳರಲ್ಲಿ ಮೂರು ಪಾಲಿನಷ್ಟು ದೂರದಲ್ಲಿ ಇಡುತ್ತಿದ್ದರು. ನಳಿಗೆಯ ಹಿಂಭಾಗ ದಪ್ಪವಾಗಿರುವ ಕಾರಣ ಹೀಗೆ ಇಟ್ಟ ಮೇಲೂ ಹಿಂಭಾಗವೇ ತುಸು ಹೆಚ್ಚು ತೂಗುತ್ತದೆ ಮತ್ತು ಕೆಳಗಿನ ಬೆಣೆಯ ಮೇಲೆ ಒರಗಿ ನಿಲ್ಲುತ್ತದೆ. ಬೆಣೆಯನ್ನು ಒಳಕ್ಕೆ ತಳ್ಳಿದರೆ ಫಿರಂಗಿಯ ಬಾಯಿ ತಗ್ಗುತ್ತದೆ, ಹೊರಕ್ಕೆಳೆದರೆ ಏರುತ್ತದೆ. ಗುರಿಯ ಎತ್ತರವನ್ನು ಹೊಂದಿಸಲು ಇದ್ದ ಮುಖ್ಯ ಸಾಧನ ಇದೇ.

ಅಳತೆಯ ಮೂಲಮಾನ

ಬಂಡಿಯ ಅಳತೆಗಳನ್ನು ಅಡಿ-ಅಂಗುಲಗಳ ಉದ್ದ ಪಟ್ಟಿಯಾಗಿ ನೆನಪಿಡಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಮುಲ್ಲರ್ 1757ರ ತನ್ನ ಫಿರಂಗಿಶಾಸ್ತ್ರದ ಗ್ರಂಥದಲ್ಲಿ ವಿವರಿಸಿರುವಂತೆ, ನಳಿಗೆಯ ಬಾಯಿಯ ವ್ಯಾಸ ಅಥವಾ ಗುಂಡಿನ ವ್ಯಾಸವನ್ನೇ ಮೂಲಮಾನವಾಗಿ ಹಿಡಿದು ಉಳಿದ ಭಾಗಗಳನ್ನು ಅದರ ಅಪವರ್ತ್ಯವಾಗಿ ಲೆಕ್ಕ ಹಾಕುವ ಪದ್ಧತಿಯಿತ್ತು. ಶಿಲ್ಪಶಾಸ್ತ್ರದ ತಾಲಮಾನವನ್ನು ಬಲ್ಲ ಓದುಗರಿಗೆ ಈ ಕ್ರಮ ಸಹಜವೆನಿಸುತ್ತದೆ. ಈ ಮೂಲಮಾನಕ್ಕೆ ಇಲ್ಲಿ ‘ಕ್ಯಾಲಿಬರ್’ ಎಂಬ ಪ್ರಚಲಿತ ಪದವನ್ನೇ ಬಳಸಲಾಗಿದೆ.

32 ಪೌಂಡಿನ ಫಿರಂಗಿಯ ಬಾಯಿಯ ವ್ಯಾಸ ಸುಮಾರು 6.4 ಅಂಗುಲ, ಎಂದರೆ 163 ಮಿಲಿಮೀಟರ್. 1:12 ಪ್ರಮಾಣದಲ್ಲಿ ಅದು 13.6 ಮಿಲಿಮೀಟರ್ ಆಗುತ್ತದೆ. ಟ್ರನಿಯನ್ನಿನ ವ್ಯಾಸವೂ ಉದ್ದವೂ ಹೆಚ್ಚುಕಡಿಮೆ ಒಂದು ಕ್ಯಾಲಿಬರ್. ಪಕ್ಕಹಲಗೆಯ ದಪ್ಪ ಒಂದು ಕ್ಯಾಲಿಬರಿಗೆ ತುಸು ಕಡಿಮೆ, ಮಾದರಿಯಲ್ಲಿ 13 ಮಿಲಿಮೀಟರ್ ಇಟ್ಟರೆ ಸರಿ. ಗಾಲಿಯ ದಪ್ಪವೂ ಅಷ್ಟೇ. ಮುಂದಿನ ಗಾಲಿಯ ವ್ಯಾಸ ಸುಮಾರು ಮೂರು ಕ್ಯಾಲಿಬರ್, ಮಾದರಿಯಲ್ಲಿ 40 ಮಿಲಿಮೀಟರ್. ಹಿಂದಿನದು ಸುಮಾರು ಎರಡೂವರೆ, ಮಾದರಿಯಲ್ಲಿ 34 ಮಿಲಿಮೀಟರ್. ಪಕ್ಕಹಲಗೆಯ ಉದ್ದ ಸುಮಾರು 15 ಸೆಂಟಿಮೀಟರ್, ನಳಿಗೆಯ ಉದ್ದ 24 ಸೆಂಟಿಮೀಟರ್. ಬಂಡಿಯ ಎತ್ತರವನ್ನು ಮಾತ್ರ ಕ್ಯಾಲಿಬರಿನಿಂದ ಲೆಕ್ಕ ಹಾಕಲು ಬರುವುದಿಲ್ಲ. ಫಿರಂಗಿಯ ಬಾಯಿ ಹಡಗಿನ ಗೋಡೆಯ ಕಿಂಡಿಯ ನಡುವೆ ಬರಬೇಕಾದ್ದರಿಂದ ಅದು ಹಡಗಿನಿಂದ ಹಡಗಿಗೆ, ಡೆಕ್ಕಿನಿಂದ ಡೆಕ್ಕಿಗೆ ಬದಲಾಗುತ್ತಿತ್ತು. ನಿರ್ದಿಷ್ಟ ಹಡಗೊಂದರ ಮಾದರಿಗಾಗಿ ಬಂಡಿ ಕಟ್ಟುವವರು ಮೊದಲು ಆ ಕಿಂಡಿಯ ಎತ್ತರವನ್ನು ನಕ್ಷೆಯಿಂದ ತಿಳಿದುಕೊಳ್ಳಬೇಕು.

ಮುಂದಿನ ಗಾಲಿಗಳು ದೊಡ್ಡವಾಗಿರುವುದಕ್ಕೆ ಕಾರಣವಿದೆ. ನೀರು ಹರಿದುಹೋಗಲೆಂದು ಡೆಕ್ಕಿನ ನಡುಭಾಗವನ್ನು ತುಸು ಉಬ್ಬಿಸಿ ಅಂಚುಗಳತ್ತ ಇಳಿಜಾರಾಗಿ ಕಟ್ಟುತ್ತಿದ್ದರು. ಫಿರಂಗಿಯ ಮುಂಭಾಗ ಅಂಚಿನ ಕಡೆ ಇರುವುದರಿಂದ, ಅಲ್ಲಿನ ತಗ್ಗನ್ನು ದೊಡ್ಡ ಗಾಲಿಗಳು ಸರಿದೂಗಿಸುತ್ತವೆ. ಸಮತಟ್ಟಾದ ಮೇಜಿನ ಮೇಲಿಟ್ಟಾಗ ಮಾದರಿಯು ಹಿಂದಕ್ಕೆ ವಾಲಿದಂತೆ ಕಂಡರೆ ಅದು ದೋಷವಲ್ಲ. ಅದನ್ನು ‘ತಿದ್ದಲು’ ನಾಲ್ಕು ಗಾಲಿಗಳನ್ನೂ ಒಂದೇ ಅಳತೆಗೆ ಮಾಡಿರುವ ಮಾದರಿಗಳು ಅಂಗಡಿಗಳಲ್ಲಿಯೂ ಕಾಣಸಿಗುತ್ತವೆ. ಬಂಡಿಯ ಕೆಳಗೆ ಮುಂದಕ್ಕೆ ತುಸು ಇಳಿಜಾರಾದ ಹಲಗೆಯ ಪೀಠವನ್ನು ಮಾಡುವುದೇ ಸರಿಯಾದ ಪರಿಹಾರ.

ಮರದ ಆಯ್ಕೆ

ಬ್ರಿಟಿಷರು ಬಂಡಿಗೆ ಎಲ್ಮ್ ಮರವನ್ನು ಬಯಸುತ್ತಿದ್ದರು. ಅದರ ಎಳೆಗಳು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ಶತ್ರುವಿನ ಗುಂಡು ಬಡಿದಾಗ ಸಿಡಿಯುವ ಮರದ ಚಕ್ಕೆಗಳೇ ನಾವಿಕರಿಗೆ ದೊಡ್ಡ ಅಪಾಯವಾಗಿದ್ದ ಕಾಲದಲ್ಲಿ ಈ ಗುಣಕ್ಕೆ ಬೆಲೆಯಿತ್ತು. ಭಾರತದಲ್ಲಿ ಕಟ್ಟಿದ ಹಡಗುಗಳಿಗೆ ತೇಗವೇ ಮುಖ್ಯ ಮರವಾಗಿತ್ತು. ಮುಂಬಯಿಯಲ್ಲಿ 1817ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ನೆಲದ ಫಿರಂಗಿಬಂಡಿಗಳ ವಿಷಯಕ್ಕೆ ಬಂದರೆ, ಟಿಪ್ಪುವಿನ ಪತನದ ನಂತರ 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಒಂದು ಕಾರ್ಖಾನೆ ಇತ್ತು. ಕಾವೇರಿಯ ದಡದಲ್ಲಿರುವ ಸ್ಕಾಟ್ ಬಂಗಲೆಯ ಹೆಸರು ಆ ಕಾರ್ಖಾನೆಯ ಮೇಲ್ವಿಚಾರಕನದು.

ಮಾದರಿಗೆ ಮೂಲದ ಮರವನ್ನೇ ಬಳಸಬೇಕೆಂಬ ನಿಯಮವಿಲ್ಲ, ಹಲವೊಮ್ಮೆ ಬಳಸದಿರುವುದೇ ಮೇಲು. ಮರವನ್ನು ಹನ್ನೆರಡು ಪಟ್ಟು ಕಿರಿದು ಮಾಡಬಹುದು, ಅದರ ಎಳೆಗಳನ್ನು ಕಿರಿದು ಮಾಡಲಾಗುವುದಿಲ್ಲ. ತೇಗದ ದಪ್ಪ ರಂಧ್ರಗಳು ಸಣ್ಣ ಮಾದರಿಯಲ್ಲಿ ಬಿರುಕುಗಳಂತೆ ತೋರುತ್ತವೆ. ಎಳೆ ನವಿರಾಗಿರುವ ಮರ ಬೇಕು. ಕರ್ನಾಟಕದಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರ ಇದಕ್ಕೆ ಒಪ್ಪುತ್ತದೆ. ಬಿಳುಪಾದ, ನಯವಾದ ಈ ಮರ ಲೇತಿನಲ್ಲಿ ಚೆನ್ನಾಗಿ ತಿರುಗುವುದರಿಂದ ಗಾಲಿಗಳಿಗೆ ವಿಶೇಷವಾಗಿ ಅನುಕೂಲ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿಮರದ ಪಕ್ಕಹಲಗೆ ತಿಂಗಳೊಪ್ಪತ್ತಿನಲ್ಲಿ ಸೊಟ್ಟಗಾಗಿ, ಟ್ರನಿಯನ್ನಿನ ಗುಳಿಗಳು ಒಂದಕ್ಕೊಂದು ಎದುರು ನಿಲ್ಲದಂತಾಗುತ್ತದೆ.

ಕಟ್ಟುವ ಕ್ರಮ

ಮೊದಲು ನಳಿಗೆ, ಆಮೇಲೆ ಬಂಡಿ. ನಳಿಗೆಯನ್ನು ಕೊಂಡಿದ್ದರೂ ಸ್ವತಃ ಮರದಲ್ಲಿ ಕಡೆದಿದ್ದರೂ, ಅದರ ನಿಜವಾದ ಅಳತೆಗಳನ್ನು ತೆಗೆದುಕೊಂಡ ನಂತರವೇ ಪಕ್ಕಹಲಗೆಗಳ ನಡುವಿನ ಅಂತರವನ್ನು ನಿರ್ಧರಿಸಬೇಕು. ನಳಿಗೆಯು ಹಿಂದೆ ದಪ್ಪ, ಮುಂದೆ ಸಪೂರ. ಆದ್ದರಿಂದ ಹಲಗೆಗಳೂ ಸಮಾನಾಂತರವಾಗಿರದೆ ಮುಂದಕ್ಕೆ ಸ್ವಲ್ಪ ಕೂಡಿಕೊಳ್ಳುತ್ತವೆ. ಮೇಲಿನಿಂದ ನೋಡಿದ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು, ಅದರ ಮೇಲೆಯೇ ಬಂಡಿಯನ್ನು ಜೋಡಿಸುವುದು ಉತ್ತಮ ವಿಧಾನ.

ಪಕ್ಕಹಲಗೆಗಳೆರಡನ್ನೂ ಎರಡು ಬದಿ ಅಂಟುವ ಪಟ್ಟಿಯಿಂದ ಒಂದಕ್ಕೊಂದು ಅಂಟಿಸಿ ಒಟ್ಟಿಗೆ ಕತ್ತರಿಸಬೇಕು. ಮೆಟ್ಟಿಲುಗಳ ನೇರ ಭಾಗಗಳನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಮೂಲೆಗಳನ್ನು ಹರಿತವಾದ ಉಳಿಯಿಂದ ಬಿಡಿಸಬೇಕು. ಮರಳುಕಾಗದದಿಂದ ಉಜ್ಜಿ ಮೂಲೆ ಬಿಡಿಸಲು ಹೋದರೆ ಅಂಚುಗಳು ದುಂಡಾಗಿ ಮೆಟ್ಟಿಲಿನ ಸ್ಪಷ್ಟತೆ ಹೋಗುತ್ತದೆ. ಮರದ ಎಳೆಗಳು ಹಲಗೆಯ ಉದ್ದಕ್ಕೆ ಹರಿದಿರಬೇಕು.

ಟ್ರನಿಯನ್ನಿನ ಗುಳಿ ಕೊರೆಯುವುದು ಇಡೀ ಕೆಲಸದ ಸೂಕ್ಷ್ಮ ಘಟ್ಟ. ಹಲಗೆಗಳ ಮೇಲಂಚಿಗೆ ಬೇಡವಾದ ಮರದ ತುಂಡೊಂದನ್ನು ಒತ್ತಿ ಬಿಗಿದು, ಕೂಡುಗೆರೆಯ ಮೇಲೆ ಬೈರಿಗೆಯನ್ನಿಟ್ಟು ಕೊರೆದರೆ, ಮೇಲಿನ ತುಂಡನ್ನು ತೆಗೆದಾಗ ಶುದ್ಧ ಅರೆವೃತ್ತ ಉಳಿಯುತ್ತದೆ. ಆದರೆ ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಹಲಗೆಗಳನ್ನು ಮುಂದಕ್ಕೆ ಕೂಡುವಂತೆ ಓರೆಯಾಗಿ ನಿಲ್ಲಿಸಿದ ಕೂಡಲೇ ಎರಡು ಗುಳಿಗಳ ಅಕ್ಷಗಳೂ ಓರೆಯಾಗುತ್ತವೆ. ಆದ್ದರಿಂದ ಗುಳಿಯನ್ನು ಮೊದಲು ತುಸು ಸಣ್ಣದಾಗಿ ಕೊರೆದು, ಬಂಡಿಯನ್ನು ಜೋಡಿಸಿದ ಮೇಲೆ, ಮರಳುಕಾಗದ ಸುತ್ತಿದ ಸರಳೊಂದನ್ನು ಎರಡು ಗುಳಿಗಳಲ್ಲಿಯೂ ಒಮ್ಮೆಗೇ ಹಾಯಿಸಿ ಉಜ್ಜಬೇಕು. ಸರಳು, ಕಾಗದ ಎರಡೂ ಸೇರಿ ಟ್ರನಿಯನ್ನಿನ ದಪ್ಪಕ್ಕೆ ಸಮನಾಗಿರಬೇಕು.

ಆ ಕಾಲದ ಹಲವು ನಳಿಗೆಗಳಲ್ಲಿ ಟ್ರನಿಯನ್‌ಗಳು ನಳಿಗೆಯ ನಡು ಅಕ್ಷಕ್ಕಿಂತ ಕೆಳಗಿರುತ್ತಿದ್ದವು. ಅಂಥವನ್ನು ಬಂಡಿಯ ಮೇಲಿಟ್ಟಾಗ ನಳಿಗೆಯ ಬಹುಭಾಗ ಹಲಗೆಗಳಿಗಿಂತ ಮೇಲೆ ಎದ್ದು ಕಾಣುತ್ತದೆ. ಹೊಸಬರು ಟ್ರನಿಯನ್‌ಗಳನ್ನು ನಡು ಅಕ್ಷಕ್ಕೇ ಇಟ್ಟುಬಿಡುವುದರಿಂದ ಫಿರಂಗಿ ಬಂಡಿಯೊಳಗೆ ಹುದುಗಿದಂತೆ ತೋರುತ್ತದೆ.

ಗಾಲಿಗಳನ್ನು ದುಂಡು ಕೋಲಿನಿಂದ ಬಿಲ್ಲೆಗಳಂತೆ ಕತ್ತರಿಸುವುದು ಸುಲಭ, ಆದರೆ ತಪ್ಪು. ಹಾಗೆ ಮಾಡಿದರೆ ಗಾಲಿಯ ಮುಖದಲ್ಲಿ ಮರದ ಅಡ್ಡಕೊಯ್ತದ ವರ್ತುಲಗಳು ಕಾಣುತ್ತವೆ, ಬಣ್ಣವನ್ನು ಅತಿಯಾಗಿ ಹೀರುತ್ತವೆ, ಒಣಹವೆಯಲ್ಲಿ ಸೀಳುತ್ತವೆ. ನಿಜವಾದ ಗಾಲಿಗಳು ಹಲಗೆಯಿಂದ ಕತ್ತರಿಸಿದವು. ಅವುಗಳ ಮುಖದಲ್ಲಿ ಎಳೆಗಳು ಅಡ್ಡಡ್ಡವಾಗಿ ಸಾಗುತ್ತವೆ. ವೃತ್ತಾಕಾರದ ಗರಗಸವನ್ನು ಡ್ರಿಲ್ಲಿಗೆ ತೊಡಿಸಿ ಹಲಗೆಯಿಂದ ಕತ್ತರಿಸಿಕೊಂಡರೆ ನಡುವಿನ ರಂಧ್ರವೂ ತಾನಾಗಿ ಸಿಗುತ್ತದೆ. ಅದನ್ನು ಅಚ್ಚಿನ ತೋಳಿಗೆ ಸರಿಯಾಗಿ ಹಿಗ್ಗಿಸಿಕೊಂಡರಾಯಿತು. ಗಾಲಿ ಅಚ್ಚಿನ ಮೇಲೆ ಸಡಿಲವಾಗಿ ತಿರುಗಬೇಕು. ಅಂಟು ಹಾಕಿ ನಿಲ್ಲಿಸಬಾರದು.

ಲೋಹದ ಭಾಗಗಳು

ಕಬ್ಬಿಣದ ಭಾಗಗಳಿಗೆ ಮಾದರಿಯಲ್ಲಿ ಹಿತ್ತಾಳೆಯನ್ನು ಬಳಸಿ ಕಪ್ಪು ಮಾಡುವುದು ವಾಡಿಕೆ. ಟ್ರನಿಯನ್ನಿನ ಮೇಲಿನ ಪಟ್ಟಿಗೆ ತೆಳು ಹಿತ್ತಾಳೆಯನ್ನು ಕೆಂಪಾಗುವಂತೆ ಕಾಯಿಸಿ ತಣಿಸಿದರೆ ಅದು ಮೆದುವಾಗುತ್ತದೆ. ಆಗ ಟ್ರನಿಯನ್ನಿನಷ್ಟೇ ದಪ್ಪದ ಸರಳಿನ ಮೇಲೆ ಬಡಿದು ಬಾಗಿಸಬಹುದು. ಕಣ್ಣುಬೋಲ್ಟುಗಳನ್ನೂ ಬಳೆಗಳನ್ನೂ ತಂತಿಯಿಂದ ಸುತ್ತಿಕೊಳ್ಳಬಹುದು. ಬೋಲ್ಟಿನ ತಲೆಗಳಿಗೆ ಇಂದಿನ ತಿರುಪುಮೊಳೆಗಳನ್ನು ಹಾಕಿ, ಅವುಗಳ ಗೀರು ಹೊರಗೆ ಕಾಣುವಂತೆ ಬಿಡುವುದು ಅಭಾಸಕರ.

ಹಗ್ಗಗಳು

ಮಾದರಿಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಹಿನ್ನುಗ್ಗುವಿಕೆಯನ್ನು ತಡೆಯುವ ದಪ್ಪ ಹಗ್ಗವು ನಳಿಗೆಯ ಹಿಂತುದಿಯ ಗುಬಟಿನಲ್ಲಿ ಸಿಕ್ಕಿಕೊಂಡು, ಬಂಡಿಯ ಪಕ್ಕದ ಬಳೆಗಳ ಮೂಲಕ ಹಾಯ್ದು, ಕಿಂಡಿಯ ಎರಡು ಬದಿಗೂ ಹಡಗಿನ ಗೋಡೆಗೆ ಬಿಗಿಯಲ್ಪಡುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಬಂದ ಬ್ಲೋಮ್‌ಫೀಲ್ಡ್ ಮಾದರಿಯ ನಳಿಗೆಗಳಲ್ಲಿ ಈ ಹಗ್ಗಕ್ಕಾಗಿಯೇ ಗುಬಟಿನ ಮೇಲೆ ಒಂದು ಬಳೆ ಎರಕದಲ್ಲಿಯೇ ಇರುತ್ತದೆ. ಫ್ರೆಂಚ್ ಬಂಡಿಗಳಲ್ಲಿ ಕ್ರಮ ಬೇರೆ: ಅಲ್ಲಿ ಹಗ್ಗ ಪಕ್ಕಹಲಗೆಗಳಲ್ಲಿಯೇ ಕೊರೆದ ರಂಧ್ರಗಳ ಮೂಲಕ ಸಾಗುತ್ತದೆ, ಹಲಗೆಗಳ ನಡುವೆ ಅಗಲವಾದ ತಳಹಲಗೆಯೂ ಇರುತ್ತದೆ. ಎರಡು ದೇಶಗಳ ಪದ್ಧತಿಯನ್ನು ಒಂದೇ ಬಂಡಿಯಲ್ಲಿ ಬೆರೆಸಬಾರದು.

ಈ ಹಗ್ಗದ ಉದ್ದ ಸಾಮಾನ್ಯವಾಗಿ ನಳಿಗೆಯ ಉದ್ದದ ಸುಮಾರು ಮೂರು ಪಟ್ಟು. ಉದಾಹರಣೆಯ ಮಾದರಿಯಲ್ಲಿ ಅದು 72 ಸೆಂಟಿಮೀಟರಿನಷ್ಟಾಗುತ್ತದೆ. ಹಿಂದಕ್ಕೆ ಸರಿದ ಫಿರಂಗಿಯ ಬಾಯಿ ಕಿಂಡಿಯಿಂದ ಒಳಗೆ ಬಂದು ನಿಲ್ಲಬೇಕು, ಆಗ ಮಾತ್ರ ಮುಂದಿನಿಂದ ಮದ್ದುಗುಂಡು ತುಂಬಲು ಸಾಧ್ಯ. ಹೀಗಾಗಿ ಫಿರಂಗಿ ಕಿಂಡಿಯಿಂದ ಹೊರಗೆ ಚಾಚಿರುವಾಗ ಹಗ್ಗ ಸಡಿಲವಾಗಿ ಡೆಕ್ಕಿನ ಮೇಲೆ ಬಿದ್ದಿರುತ್ತದೆ. ಬಹಳ ಮಾದರಿಗಳಲ್ಲಿ ಅದನ್ನು ಅಂದಕ್ಕಾಗಿ ತಂತಿಯಂತೆ ಬಿಗಿದಿರುತ್ತಾರೆ. ಅಂತಹ ಫಿರಂಗಿಯನ್ನು ಒಮ್ಮೆ ಹಾರಿಸಿದ ಮೇಲೆ ಮತ್ತೆ ತುಂಬುವಂತಿಲ್ಲ. ಮೊದಲ ಏಟಿಗೇ ಗೋಡೆಯ ಬೋಲ್ಟು ಕಿತ್ತುಬಂದರೂ ಆಶ್ಚರ್ಯವಿಲ್ಲ.

ಹಗ್ಗದ ದಪ್ಪದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ನೌಕಾ ದಾಖಲೆಗಳಲ್ಲಿ ಹಗ್ಗದ ಅಳತೆಯನ್ನು ವ್ಯಾಸದಿಂದಲ್ಲ, ಸುತ್ತಳತೆಯಿಂದ ಹೇಳುತ್ತಾರೆ. 7 ಅಂಗುಲದ ಹಗ್ಗವೆಂದರೆ ಸುತ್ತಳತೆ 7 ಅಂಗುಲ, ವ್ಯಾಸ ಸುಮಾರು 2.2 ಅಂಗುಲ. 1:12ರಲ್ಲಿ ಅದು 4.7 ಮಿಲಿಮೀಟರ್. ಇದನ್ನರಿಯದೆ 7 ಅಂಗುಲವನ್ನು ವ್ಯಾಸವೆಂದು ತಿಳಿದರೆ ಹಗ್ಗ ಸುಮಾರು 15 ಮಿಲಿಮೀಟರ್ ಆಗಿ, ಫಿರಂಗಿಯ ಬಾಯಿಗಿಂತಲೂ ದಪ್ಪವಾಗುತ್ತದೆ.

ಇದಲ್ಲದೆ ಬಂಡಿಯ ಎರಡು ಪಕ್ಕದಲ್ಲಿ ರಾಟೆಗಳಿಂದ ಕೂಡಿದ ಎಳೆಹಗ್ಗಗಳಿರುತ್ತವೆ. ತುಂಬಿದ ಫಿರಂಗಿಯನ್ನು ಕಿಂಡಿಯತ್ತ ಎಳೆಯಲು ಇವು ಬೇಕು. ಹಿಂಭಾಗದಿಂದ ಡೆಕ್ಕಿನ ಬಳೆಗೆ ಕಟ್ಟಿದ ಇನ್ನೊಂದು ಎಳೆಹಗ್ಗ, ತುಂಬುವಾಗ ಫಿರಂಗಿ ತಾನಾಗಿ ಮುಂದಕ್ಕೆ ಉರುಳದಂತೆ ಹಿಡಿಯುತ್ತದೆ.

ಬಣ್ಣ

ಮರದ ಭಾಗಗಳಿಗೆ ಮಂಕಾದ ಕೆಮ್ಮಣ್ಣಿನ ಅಥವಾ ಹಳದಿ ಕಾವಿಯ ಬಣ್ಣ, ಕಬ್ಬಿಣಕ್ಕೂ ನಳಿಗೆಗೂ ಕಪ್ಪು ಸಾಮಾನ್ಯ. ಹೊಳೆಯುವ ವಾರ್ನಿಷ್ ಬೇಡ. ಮರದ ಕೆಲಸವನ್ನು ತೋರಿಸಬೇಕೆನ್ನುವವರು ಬಣ್ಣ ಬಳಿಯದೆ ಎಣ್ಣೆಯನ್ನಷ್ಟೇ ಸವರುವುದೂ ಉಂಟು.

ಸುರಕ್ಷತೆ ಮತ್ತು ಕಾನೂನು

ಮಾದರಿಯ ನಳಿಗೆ ಸಿಡಿಯುವಂಥದಾಗಿರಬಾರದು. ಬಾಯಿಯನ್ನು ಕೆಲವು ಸೆಂಟಿಮೀಟರಿನಷ್ಟು ಮಾತ್ರ ಕೊರೆದು, ಹಿಂಭಾಗದ ಕಿವಿರಂಧ್ರವನ್ನು ಮೇಲ್ಮೈಯ ಗುರುತಾಗಿಯಷ್ಟೇ ಬಿಡಬೇಕು. ಎರಡೂ ಒಳಗೆ ಕೂಡಬಾರದು. ಭಾರತದಲ್ಲಿ ಸಿಡಿಯಬಲ್ಲ ಆಯುಧದ ತಯಾರಿಕೆಯು 1959ರ ಶಸ್ತ್ರಾಸ್ತ್ರ ಕಾಯ್ದೆಗೆ, ಸಿಡಿಮದ್ದಿನ ತಯಾರಿಕೆ ಮತ್ತು ಸಂಗ್ರಹವು 1884ರ ಸ್ಫೋಟಕಗಳ ಕಾಯ್ದೆಗೆ ಒಳಪಟ್ಟಿವೆ. ಗಾತ್ರ ಚಿಕ್ಕದೆಂಬುದು ವಿನಾಯಿತಿಯಲ್ಲ, ಅಪಾಯವೂ ಚಿಕ್ಕದಲ್ಲ. ಎರಕದ ಹಿತ್ತಾಳೆಯಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳಿದ್ದರೆ ನಳಿಗೆ ಒಡೆದು ಚೂರುಗಳು ಹಾರಬಲ್ಲವು. ಶಾಲಾ ಪ್ರದರ್ಶನಗಳಿಗಾಗಿ ಮಕ್ಕಳಿಂದ ಮಾದರಿ ಮಾಡಿಸುವ ಅಧ್ಯಾಪಕರು ನಳಿಗೆಯನ್ನು ಮರದಿಂದಲೇ ಕಡೆಸುವುದು ಲೇಸು. ತೇಗ, ಬೀಟೆ ಮುಂತಾದ ಮರಗಳ ಹುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುವುದರಿಂದ ಉಜ್ಜುವಾಗ ಮೂಗಿಗೆ ಮುಖಗವಸು ಧರಿಸಬೇಕು.

ಮಾದರಿಗೆ ಒಪ್ಪದ ಬಗೆಗಳು

ಎಲ್ಲ ನೌಕಾ ಫಿರಂಗಿಗಳೂ ಈ ಬಂಡಿಯ ಮೇಲಿರಲಿಲ್ಲ. 1770ರ ದಶಕದಲ್ಲಿ ಸ್ಕಾಟ್ಲೆಂಡಿನ ಕ್ಯಾರನ್ ಕಂಪನಿ ತಯಾರಿಸಿದ ಗಿಡ್ಡ ನಳಿಗೆಯ ಕ್ಯಾರನೇಡ್‌ಗಳನ್ನು ಸಾಮಾನ್ಯವಾಗಿ ಜಾರುಹಲಗೆಯ ಮೇಲೆ ಕೂರಿಸುತ್ತಿದ್ದರು. ಅವುಗಳಲ್ಲಿ ಹೆಚ್ಚಿನವಕ್ಕೆ ಟ್ರನಿಯನ್ನಿನ ಬದಲು ಕೆಳಗೆ ಒಂದು ಕುಣಿಕೆಯಿರುತ್ತದೆ. ಅಂತಹ ನಳಿಗೆಯನ್ನು ನಾಲ್ಕು ಗಾಲಿಯ ಬಂಡಿಯ ಮೇಲಿಡುವುದು ಸರಿಯಲ್ಲ. ಮೂಲ ಬಂಡಿಗಳನ್ನೂ ಅವುಗಳ ಪ್ರತಿಕೃತಿಗಳನ್ನೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ವಿಕ್ಟರಿ ಹಡಗು ಮತ್ತು ಮೇರಿ ರೋಸ್ ವಸ್ತುಸಂಗ್ರಹಾಲಯ, ಸ್ಟಾಕ್‌ಹೋಮಿನ ವಾಸಾ ವಸ್ತುಸಂಗ್ರಹಾಲಯ ಹಾಗೂ ಅಮೆರಿಕದ ಬಾಸ್ಟನ್ನಿನಲ್ಲಿರುವ, 1797ರಲ್ಲಿ ನೀರಿಗಿಳಿದ ಕಾನ್‌ಸ್ಟಿಟ್ಯೂಷನ್ ಹಡಗಿನಲ್ಲಿ ನೋಡಬಹುದು.